ಮಿಷನ್ ಮನೆಯ ಬೀಸೋ ಪದ

"ರೀ! ಸ್ವಲ್ಪ ನಿಲ್ಲಿಸ್ರೀ ಅದನ್ನ!"

ಮಲ್ಲಾಜಮ್ಮ ಗಂಟಲು ಹರಿಯುವಂತೆ ಕೂಗಿದಳು. ಮಿಷನ್ನಿನ ಗಡಗಡ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ. ಕೈಯಲ್ಲಿದ್ದ ಕಾಗದದ ಮೇಲೆ ಆಗಲೇ ಬೆರಳಿನಷ್ಟು ದಪ್ಪ ರಾಗಿ ಹಿಟ್ಟು ಕೂತಿತ್ತು.

ಇಂಜಿನ್ನಿನ ಹತ್ತಿರ ನಿಂತಿದ್ದವನು ತಿರುಗಿ ನೋಡಿದ. ತಲೆಯಿಂದ ಕಾಲಿನವರೆಗೆ ಬೂದು ಹಿಟ್ಟು. ಕಣ್ಣೆರಡು ಮಾತ್ರ ಕಪ್ಪು.

ಅವನು ಒಂದು ಕ್ಷಣ ಅವಳನ್ನೇ ನೋಡಿ, ಕೈ ಚಾಚಿ ಇಂಜಿನ್ ನಿಲ್ಲಿಸಿಬಿಟ್ಟ!

ಸಾಲಿನಲ್ಲಿ ರಾಗಿ ಕುಕ್ಕೆ ಇಟ್ಟುಕೊಂಡು ಕೂತಿದ್ದ ಹೆಂಗಸರೆಲ್ಲ ಹೋ ಎಂದರು.

"ಅಯ್ಯೋ ನಿನ್ನ! ಅದ್ನ ಮತ್ತೆ ಚಾಲೂ ಮಾಡಕ್ಕೆ ಒಂದ್ ಗಳ್ಗೆ ಸುತ್ತಬೇಕಲ್ಲೋ ವೀರಭದ್ರ! ಅಮಲ್ದಾರ್ರು ಬಂದಾಗ್ಲೂ ನಿಲ್ಸ್ದೋನಲ್ಲ, ಇವತ್ತೇನ್ಲಾ ಬಂತು ನಿಂಗೆ?" ಎಂದಳು ಕಟ್ಟೆಮಳಲವಾಡಿಯ ಚಿಕ್ಕಸಿದ್ದಮ್ಮ.

ವೀರಭದ್ರಸ್ವಾಮಿಯ ಮುಖ ಹಿಟ್ಟಿನೊಳಗೇ ಕೆಂಪಾಯಿತು. ಮಲ್ಲಾಜಮ್ಮ ಅದನ್ನು ಗಮನಿಸಲಿಲ್ಲ. ಅವಳಿಗೆ ಅವಳದೇ ಚಿಂತೆ.

ಮಲ್ಲಾಜಮ್ಮ ಹುಣಸೂರಿನಲ್ಲಿ ಕಂದಾಯ ವಸೂಲಿ ನೋಡಿಕೊಳ್ಳುವ ಶೇಕದಾರ್ ಶಿವನಂಜಪ್ಪನವರ ಮಗಳು. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಳು. ಅವಳ ಪ್ರೊಫೆಸರರು ಹಳ್ಳಿಯ ಹೆಂಗಸರ ಪದಗಳನ್ನೆಲ್ಲ ಕೂಡಿಸಿ ಒಂದು ದೊಡ್ಡ ಪುಸ್ತಕ ಮಾಡಬೇಕೆಂದು ಹೊರಟಿದ್ದರು. ಗಂಡಸರು ಹೋಗಿ ಕೇಳಿದರೆ ಹೆಂಗಸರು ಬಾಯಿ ಬಿಡುವುದಿಲ್ಲ. ಹಾಗಾಗಿ ಒಲ್ಲದ ಮನಸ್ಸಿನಿಂದಲೇ ಇವಳನ್ನು ಸಹಾಯಕ್ಕೆ ತೆಗೆದುಕೊಂಡಿದ್ದರು.

"ಬೇಸಿಗೆ ರಜದಲ್ಲಿ ನೂರು ಬೀಸುವ ಪದ ತರಬೇಕು. ಹಾಡಿದವರ ಹೆಸರು, ವಯಸ್ಸು, ಊರು ಪ್ರತಿ ಹಾಳೆಯಲ್ಲೂ ಇರಬೇಕು. ಆಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ" ಎಂದಿದ್ದರು.

ಅಪ್ಪನೂ ಒಂದು ಮಾತು ಸೇರಿಸಿದ್ದರು. "ನೋಡು ಮಗ, ಆ ಕೆಲಸ ಇದ್ದರೆ ಓದು. ಇಲ್ಲದಿದ್ದರೆ ನಿನ್ನನ್ನ ಹೆಣ್ಣು ಕೇಳಿರೋ ಪಿರಿಯಾಪಟ್ಟಣದವರಿಗೆ ಹೂಂ ಅಂತೀನಿ. ಇನ್ನೆಷ್ಟು ದಿನ ಅಂತ ಅವರನ್ನ ಕಾಯಿಸೋದು?"

ರಜ ಶುರುವಾಗಿ ಹದಿನೆಂಟು ದಿನ ಕಳೆದಿತ್ತು. ಸಿಕ್ಕಿದ ಪದಗಳು... ನಾಲ್ಕು!

ಊರೂರು ಸುತ್ತಿದ್ದೇ ಬಂತು. 'ನಂಗೇನೂ ಬರಾಕಿಲ್ಲ ಕಣವ್ವ' ಎಂಬ ಒಂದೇ ಉತ್ತರ. ಕೊನೆಗೆ, ಸುತ್ತಲಿನ ಹಳ್ಳಿಯ ಹೆಂಗಸರೆಲ್ಲ ಒಂದೇ ಕಡೆ ಸಿಗುವುದು ಈ ಹಿಟ್ಟಿನ ಮಿಷನ್ನಿನಲ್ಲಿ ಎಂದು ಯಾರೋ ಹೇಳಿದ್ದರಿಂದ ಇಲ್ಲಿಗೆ ಬಂದಿದ್ದಳು.

"ಅಮ್ಮಾ, ರಾಗಿ ಬೀಸುವಾಗ ಹಾಡ್ತಿದ್ರಲ್ಲ, ಆ ಪದ ಹೇಳ್ತೀರಾ? ಬರ್ಕೋತೀನಿ."

ಹೆಂಗಸರು ಮುಖ ಮುಖ ನೋಡಿಕೊಂಡರು.

"ಹೆಸ್ರೂ ಬರ್ಕೊತೀಯಾ?"

"ಹೂಂ. ಹೆಸರು, ವಯಸ್ಸು, ಊರು."

"ಶೇಕ್ದಾರ್ರ ಮಗಳಲ್ವಾ ನೀನು?" ಚಿಕ್ಕಸಿದ್ದಮ್ಮ ಸೆರಗು ಕೊಡವಿದಳು. "ಪದಕ್ಕೂ ಕಂದಾಯ ಆಕ್ತಾರೇನವ್ವ? ನಂಗ್ಯಾವ ಪದಾನೂ ಬರಾಕಿಲ್ಲ, ಬುಡು."

ಎಲ್ಲರೂ ನಕ್ಕರು. ಮಲ್ಲಾಜಮ್ಮನ ಕಣ್ಣಲ್ಲಿ ನೀರು ಬಂತು. ಆ ಸಿಟ್ಟು ಯಾರ ಮೇಲೆ ತಿರುಗಬೇಕು? ಎದುರಿಗೇ ಇದ್ದನಲ್ಲ!

"ಎಲ್ಲಾ ನಿಮ್ಮಿಂದ ಕಣ್ರೀ! ನಿಮ್ಮ ಮಿಷನ್ ಬಂದ ಮೇಲೆ ಯಾರೂ ಬೀಸಲ್ಲ, ಯಾರೂ ಹಾಡಲ್ಲ!"

ವೀರಭದ್ರ ಮೆಲ್ಲಗೆ ಹೇಳಿದ. "ಬೀಸಿ ಬೀಸಿ ನಮ್ಮಜ್ಜಿ ಅಂಗೈಯಲ್ಲಿ ಗೆರೇನೇ ಇರಲಿಲ್ಲ ಕಣ್ರೀ, ಎಲ್ಲಾ ಸವೆದೋಗಿತ್ತು. ಮಿಷನ್ ಬೇಡ ಅಂತೀರಾ?"

ಮಲ್ಲಾಜಮ್ಮ ಕಾಗದದ ಹಿಟ್ಟನ್ನು ರಪ್ಪನೆ ಕೊಡವಿದಳು. ಅವನನ್ನು ದುರುಗುಟ್ಟಿ ನೋಡಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ಆದದ್ದೇ ಬೇರೆ!

ಶೇಕದಾರರ ಮನೆಯ ಮುಂದೆ ಮೂವರು ಹೆಂಗಸರು ಬಂದು ನಿಂತಿದ್ದರು. "ಪದ ಬೇಕು ಅಂದಿದ್ಯಲ್ಲವ್ವ? ಬರ್ಕೊ, ಬಿರ್ರನೆ ಬರ್ಕೊ."

ಆ ದಿನ ಒಂಬತ್ತು ಪದ. ಮಾರನೆಯ ದಿನ ಹದಿನಾಲ್ಕು. ಒಂದು ವಾರದಲ್ಲಿ ಅರವತ್ತು ದಾಟಿತು. ಹೇಳುತ್ತಿದ್ದರು, ಅವಳ ಕೈಬರಹದ ಒಂದು ಚೀಟಿ ಇಸಿದುಕೊಂಡು ಓಡುತ್ತಿದ್ದರು. ಚೀಟಿ ಯಾತಕ್ಕೆಂದು ಕೇಳಿದರೆ, "ಇರ್ಲಿ ಬುಡವ್ವ, ನೆಪ್ಪಿಗೆ" ಎಂಬ ಉತ್ತರ.

ಮಲ್ಲಾಜಮ್ಮ ಹಿಗ್ಗಿಹೋದಳು. ಶೇಕದಾರರ ಮನೆಯಲ್ಲಿ ಹಿಂದೆ ಬೀಸುವುದಕ್ಕೆ ಆಳು ಇದ್ದಳು. ಇವಳು ಬೀಸೋ ಕಲ್ಲಿನ ಮುಂದೆ ಕೂತವಳೇ ಅಲ್ಲ. ಯಾವುದು ಅಸಲು, ಯಾವುದು ನಕಲು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಹೊಸ ಪದಗಳನ್ನೆಲ್ಲ ಅಂದವಾಗಿ ಬರೆದು ಮೈಸೂರಿಗೆ ಅಂಚೆಯಲ್ಲಿ ಕಳಿಸಿದಳು.

ಐದನೆಯ ದಿನಕ್ಕೆ ಪ್ರೊಫೆಸರರ ಉತ್ತರ ಬಂತು.

'ಆರನೆಯದು ನಾಟಕದ ಕಂಪನಿಯ ಹಾಡು. ಮೂರು, ಹನ್ನೊಂದು ಮತ್ತು ಇಪ್ಪತ್ತೆಂಟು ಒಂದೇ ಪದ, ಊರಿನ ಹೆಸರು ಬದಲಾಗಿದೆ. ನಲವತ್ತನೆಯದಕ್ಕೆ ಅರ್ಥವೇ ಇಲ್ಲ. ಇವುಗಳಲ್ಲಿ ಬೀಸುವ ಪದ ಒಂದೂ ಇಲ್ಲ. ಹೆಣ್ಣುಮಕ್ಕಳಿಗೆ ಈ ಕೆಲಸ ಆಗದೆಂದು ನನಗೆ ಮೊದಲೇ ಅನ್ನಿಸಿತ್ತು. ಕಾಲೇಜು ತೆರೆಯುವ ಮೊದಲು ನೂರು ನಿಜವಾದ ಪದ ಬಂದರೆ ಸರಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.'

ಮಲ್ಲಾಜಮ್ಮ ಅದನ್ನು ಎರಡು ಸಲ ಓದಿದಳು. ಕಾಗದ ಹಿಡಿದುಕೊಂಡೇ ಬೀದಿಗಿಳಿದಳು. ಪದ ಹೇಳಿಹೋಗಿದ್ದ ಕುಳ್ಳಮ್ಮ ಅಲ್ಲೇ ಎದುರಾದಳು.

"ಯಾಕಮ್ಮಾ ಹೀಗೆ ಮಾಡಿದ್ರಿ? ಸುಳ್ಳು ಪದ ಯಾಕೆ ಹೇಳಿದ್ರಿ?"

ಕುಳ್ಳಮ್ಮ ತಲೆ ಕೆರೆದುಕೊಂಡಳು. "ಬೈಬ್ಯಾಡ ಕಣವ್ವ. ಒಂದ್ ಪದ ಏಳಿ ನಿನ್ನ ಚೀಟಿ ತಂದೋರ ರಾಗಿ ಮೊದ್ಲು ಬೀಸಿಕೊಡ್ತೀನಿ ಅಂದ ವೀರಭದ್ರ. ನಂಗೆ ಹೊಲದಾಗೆ ಕೆಲ್ಸ ಇತ್ತು... ಬಾಯಿಗೆ ಬಂದದ್ದು ಏಳ್ದೆ."

ಮಲ್ಲಾಜಮ್ಮ ಮಿಷನ್ ಮನೆಗೆ ಬಂದಾಗ ಮಧ್ಯಾಹ್ನ. ಸಾಲು ಖಾಲಿ. ವೀರಭದ್ರ ಬಾಗಿಲಲ್ಲಿ ಕೂತು ಮಿಷನ್ನಿನ ಬೆಲ್ಟಿಗೆ ಹೊಲಿಗೆ ಹಾಕುತ್ತಿದ್ದ. ಅವಳನ್ನು ಕಂಡು ಎದ್ದ. ಮುಖದಲ್ಲಿ ಸಂತೋಷ!

ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು.

"ನನ್ನ ಬದುಕು ನಿಮಗೆ ತಮಾಷೆಯಾ?"

ಕಾಗದವನ್ನು ಅವನ ಮುಂದೆ ಹಿಡಿದಳು. ಅವನು ನಿಧಾನವಾಗಿ ಓದಿದ. ಸಂತೋಷ ಅಳಿಸಿಹೋಯಿತು.

"ನೀವು ಅವತ್ತು ಅತ್ಕೊಂಡು ಹೋದ್ರಿ. ನಂಗೆ ತಡೀಲಿಲ್ಲ. ಸಾಲಲ್ಲಿ ಮುಂದೆ ಬಿಟ್ಟರೆ ಹೇಳ್ತಾರೆ ಅಂದ್ಕೊಂಡೆ. ಹಿಂಗೆ ಮಾಡ್ತಾರೆ ಅಂತ..."

"ನಿಮ್ಮನ್ನ ಯಾರು ಕೇಳಿದ್ರು? ಸಹಾಯ ಮಾಡಿ ಅಂತ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ."

"ನಂಗಿನ್ನು ಒಂದು ಪದಾನೂ ಸಿಗಲ್ಲ! ಗೊತ್ತಾ ನಿಮಗೆ?"

ಅವನು ಕಾಗದ ಮಡಿಸಿ ಅವಳ ಕೈಗೆ ಕೊಟ್ಟ. ಆಮೇಲೆ ಬೀದಿಯ ಆ ಕಡೆ, ಈ ಕಡೆ ನೋಡಿದ. ಕದ್ದವನ ಹಾಗೆ ದನಿ ತಗ್ಗಿಸಿ, ಬೆಲ್ಟಿನ ಮೇಲೆ ಕೈಯಾಡಿಸುತ್ತ ಹಾಡಿದ.

"ಬೆಳಗಿನ ಕೋಳೀಗೆ ಒಲೆಗಿಂತ ಮೊದಲೆದ್ದೆ
ಹಸಿದ ಕಂದಯ್ಯ ಹೊರಳ್ಯಾನೆ – ರಾಗೀಯೆ
ಅವನೇಳೊ ಮುಂಚೆ ಹುಡಿಯಾಗೆ"

ಮಲ್ಲಾಜಮ್ಮನ ಕೋಪ ಎಲ್ಲಿ ಹೋಯಿತೋ! ಓದಿ ತಿಳಿಯಬೇಕಾದ್ದೇನೂ ಇರಲಿಲ್ಲ. ಕೇಳಿದ ಕೂಡಲೇ ಎದೆಗೆ ತಿಳಿಯಿತು.

"ಇದು... ನಿಮಗೆ ಹೇಗೆ ಬರುತ್ತೆ?"

"ಅವ್ವ ಇರಲಿಲ್ಲ. ಅಜ್ಜಿ ಬೀಸುವಾಗ ಎದುರಿಗೆ ಕೂತು ನಾನೂ ಕಲ್ಲಿನ ಗೂಟ ಹಿಡೀತಿದ್ದೆ. ಐವತ್ತರ ಮೇಲೆ ಬರುತ್ತೆ. ಬರ್ಕೊಳಿ. ಆದ್ರೆ ಹಾಡಿದೋರು ಅಂತ ಅಜ್ಜಿ ಹೆಸರು ಹಾಕಿ. ಪುಟ್ಟಮಲ್ಲಮ್ಮ, ಎಪ್ಪತ್ತು ವರ್ಷ."

"ಅಜ್ಜಿ ಎಲ್ಲಿದಾರೆ?"

"ಹೋಗಿ ಆರು ವರ್ಷ ಆಯ್ತು."

ಮಲ್ಲಾಜಮ್ಮ ತಲೆ ಅಲ್ಲಾಡಿಸಿದಳು. "ಆಗಲ್ಲ. ಯಾರ ಬಾಯಿಂದ ಕೇಳಿದೆನೋ ಅವರ ಹೆಸರೇ ಬರೀಬೇಕು. ಒಂದು ಸಲ ಸುಳ್ಳು ಕಳಿಸಿ ಆಗಿದೆ."

"ನನ್ನ ಹೆಸರಾ?" ಅವನು ಬೆಚ್ಚಿಬಿದ್ದ. "ಗಂಡಸು ಬೀಸೋ ಪದ ಹಾಡ್ದ ಅಂತ ಪುಸ್ತಕದಲ್ಲಿ ಅಚ್ಚಾಗೋದಾ? ಹುಣಸೂರಲ್ಲಿ ತಲೆ ಎತ್ತಿ ತಿರುಗೋ ಹಂಗಿರಲ್ಲ ಕಣ್ರೀ! ಹುಡುಗ ಇದ್ದಾಗ 'ಬೀಸೋ ಭದ್ರಿ, ಬೀಸೋ ಭದ್ರಿ' ಅಂತ ಕೂಗಿ ಕೂಗಿ ಕಲ್ಲಲ್ಲಿ ಹೊಡೆದೋರು ಈ ಊರಲ್ಲೇ ಇದಾರೆ."

"ಹಾಗಾದ್ರೆ ಬೇಡ."

"ಅಜ್ಜಿ ಹೆಸರು ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

'ಎಂಥ ಹಟದವಳಪ್ಪ!' ಎಂದುಕೊಂಡ ಅವನು. 'ಎಂಥ ಪುಕ್ಕಲ!' ಎಂದುಕೊಂಡಳು ಅವಳು. ಇಬ್ಬರಿಗೂ ಆ ರಾತ್ರಿ ಊಟ ಸೇರಲಿಲ್ಲ.

ದಿನಗಳು ಕಳೆದವು. ಮಲ್ಲಾಜಮ್ಮ ಮತ್ತೆ ಹಳ್ಳಿ ಸುತ್ತಿದಳು. ಕಾಲಿಗೆ ಬೊಬ್ಬೆ ಬಂದವೇ ಹೊರತು ಪದ ಬರಲಿಲ್ಲ. ಖಾಲಿ ಹಾಳೆ ನೋಡಿ ನೋಡಿ ಹಾಳೆಯ ಮೇಲೇ ಸಿಟ್ಟು ಬಂತು. ಅವನು ಹಾಡಿದ ಮೂರು ಸಾಲು ಮಾತ್ರ ಕಿವಿ ಬಿಟ್ಟು ಹೋಗಲೊಲ್ಲದು. ಅದನ್ನು ಬರೆಯಲೂ ಆರಳು, ಮರೆಯಲೂ ಆರಳು! ಕಾಲೇಜು ತೆರೆಯಲು ಹನ್ನೆರಡು ದಿನ ಉಳಿದಾಗ ಸೋತು ಕೂತಳು.

ಆ ಬುಧವಾರ ಶಿವನಂಜಪ್ಪನವರು ಮಿಷನ್ ಮನೆಯ ಮುಂದೆ ಹಾದುಹೋಗುವಾಗ ವೀರಭದ್ರ ನಮಸ್ಕಾರ ಮಾಡಿದ.

"ಬುದ್ಧೀ... ಅಮ್ಮಾವ್ರು ಮೈಸೂರಿಗೆ ಯಾವಾಗ ಹೊರಡ್ತಾರೆ?"

"ಇನ್ನೆಲ್ಲಿ ಮೈಸೂರಪ್ಪ. ಪದ ಸಿಗಲಿಲ್ಲ, ಕೆಲಸ ಹೋಯ್ತು. ಪಿರಿಯಾಪಟ್ಟಣದೋರಿಗೆ ಬನ್ನಿ ಅಂತ ಹೇಳಿಕಳಿಸ್ತಾ ಇದೀನಿ."

'ಐವತ್ತು ಪದ ಕಾಲ ಬುಡಕ್ಕೆ ಬಂದರೂ ಒಂದು ಸುಳ್ಳು ಬರೆಯಲಿಲ್ಲ ಇವಳು. ನಾನು ನಾಲ್ಕು ಜನ ನಗುತ್ತಾರೆಂದು ಅಡಗಿ ಕೂತಿದ್ದೇನೆ...' ಎಂದು ವೀರಭದ್ರನಿಗೆ ಮೊದಲ ಸಲ ತನ್ನ ಮೇಲೇ ಹೇಸಿಗೆಯಾಯಿತು.

ಇಂಜಿನ್ ನಿಲ್ಲಿಸಿದ. ಶೇಕದಾರರ ಹಿಂದೆಯೇ ಹೊರಟ.

"ಲೇ, ಎಲ್ಲಿಗ್ಲಾ? ನನ್ನ ರಾಗಿ ಅರ್ಧ ಮಿಷನ್ ಬಾಯೊಳಗೈತೆ!" ಚಿಕ್ಕಸಿದ್ದಮ್ಮ ಕುಕ್ಕೆ ಹೊತ್ತು ಬೆನ್ನಟ್ಟಿದಳು. ಅವಳ ಹಿಂದೆ ಇಡೀ ಸಾಲು.

ಮಲ್ಲಾಜಮ್ಮ ಹೊರಗೆ ಬಂದು ನೋಡಿದರೆ ಮನೆಯ ಮುಂದೆ ಜಾತ್ರೆ! ವೀರಭದ್ರ ಹಿತ್ತಿಲ ಬೀಸೋ ಕಲ್ಲನ್ನು ಜಗುಲಿಗೆ ತಂದು ಇಡುತ್ತಿದ್ದ.

"ಏನ್ರೀ ಇದು?"

"ಕೂತ್ಕೊಳಿ. ಹಾಳೆ ತಗೊಳಿ. ಹಾಡಿದವರು, ವೀರಭದ್ರಸ್ವಾಮಿ. ಗಂಡಸು. ಇಪ್ಪತ್ತಾರು ವರ್ಷ. ಹುಣಸೂರು. ಎಲ್ಲಾ ಸರಿಯಾಗಿ ಬರ್ಕೊಳಿ."

"ಜನ ನೋಡ್ತಿದಾರೆ..."

"ನೋಡ್ಲಿ."

ಗೂಟ ಹಿಡಿದ. ಕಲ್ಲು ತಿರುಗಿತು. ದನಿ ಮೊದಲು ನಡುಗಿತು, ಆಮೇಲೆ ಕಲ್ಲಿನ ಜೊತೆ ಹೊಂದಿಕೊಂಡಿತು.

"ನೀರಿಗೆ ಹೋದೋಳು ನೆರಳಲ್ಲಿ ನಿಂತೇನು
ಅತ್ತೆ ಕೇಳಿದರೆ ಏನೆನಲಿ – ಹೊತ್ತಂಥ
ಬಿಂದೀಗೆ ಭಾರ ಆಗಿತ್ತು"

ಗಂಡಸರು ಬಿದ್ದು ಬಿದ್ದು ನಕ್ಕರು. "ಬೀಸೋ ಭದ್ರಿ!" ಎಂದು ಯಾರೋ ಕೂಗಿದರು. ವೀರಭದ್ರ ಕಲ್ಲು ನಿಲ್ಲಿಸಲಿಲ್ಲ. ಬೆವರು ಇಳಿಯುತ್ತಿತ್ತು. ಮಲ್ಲಾಜಮ್ಮನ ಲೇಖನಿ ಓಡುತ್ತಿತ್ತು. ಅಕ್ಷರ ಮಂಜಾಗುತ್ತಿತ್ತು.

ಆದರೆ ಹೆಂಗಸರ ಗುಂಪಿನಲ್ಲಿ ಒಬ್ಬಳು ನಗಲಿಲ್ಲ. ಕಾಲುಸುಟ್ಟ ಬೆಕ್ಕಿನ ಹಾಗೆ ಚಡಪಡಿಸುತ್ತಿದ್ದಳು.

"ಅಂಗಲ್ಲ ಕಣ್ಲಾ!" ಚಿಕ್ಕಸಿದ್ದಮ್ಮ ತಡೆಯಲಾರದೆ ಜಗುಲಿ ಹತ್ತಿದಳು. "ಬಿಂದ್ಗೆ ಭಾರ ಆಯ್ತು ಅಂದ್ರೆ ಯಾವ ಅತ್ತೆ ಒಪ್ಕೊತಾಳ್ಲಾ? ಪದಾನೆಲ್ಲಾ ಕುಲಗೆಡುಸ್ತಾವ್ನೆ! ಸರ್ಕೊ ಅತ್ಲಾಗೆ!"

ಎದುರಿಗೆ ಕೂತು ಗೂಟಕ್ಕೆ ಕೈಯಿಟ್ಟಳು. ತನ್ನ ರಾಗಿಯನ್ನೇ ಕಲ್ಲಿನ ಬಾಯಿಗೆ ಸುರಿದಳು. ಹಾಡಿದಳು.

"...ಅತ್ತೆ ಕೇಳಿದರೆ ಏನೆನಲಿ – ಬಿಂದೀಗೆ
ತುಂಬೋಕೆ ಹೊಳೆಯೆ ತಡವಾಯ್ತು"

"ನೋಡು, ತಪ್ಪು ಹೊಳೇದು! ನಮ್ದಲ್ಲ!"

"ನಮ್ಮೂರಲ್ಲಿ ಅದ್ರ ಮುಂದಕ್ಕೂ ಐತೆ" ಎಂದು ಕುಳ್ಳಮ್ಮ ಮುಂದೆ ಬಂದಳು. "ನಿಮ್ಮೂರಿಂದು ಯಾರಿಗೆ ಬೇಕು, ನಮ್ಮ ಭೇರ್ಯದ್ದು ಕೇಳು" ಎಂದಳು ಇನ್ನೊಬ್ಬಳು. ಹಾಡು ಎಂದರೆ ಬಾಯಿ ಬಿಡದವರು, ತಪ್ಪು ಹಾಡಿದರೆ ಸುಮ್ಮನಿರುವುದುಂಟೆ?

"ಹೆಸರು ಬರ್ಕೊಳ್ಲಾ ಅಮ್ಮ?" ಮಲ್ಲಾಜಮ್ಮ ಹೆದರುತ್ತಲೇ ಕೇಳಿದಳು.

"ಬರ್ಕೊ ತಾಯಿ. ಕಂದಾಯ ಬಿದ್ರೆ ಮೊದ್ಲು ಇವನ ಮ್ಯಾಲೆ ಬೀಳ್ಲಿ, ಇವಂದೇ ಅಲ್ವಾ ಮೊದಲ್ನೇ ಹೆಸ್ರು!"

ಎರಡು ದಿನ ಕಲ್ಲು ನಿಲ್ಲಲಿಲ್ಲ. ನೂರ ಹನ್ನೊಂದು ಪದ!

ಪ್ರೊಫೆಸರರು ತಮ್ಮ ಉತ್ತರದಲ್ಲಿ ಹೊಗಳಿರಲಿಲ್ಲ. 'ಮೊದಲನೆಯ ಹಾಡುಗಾರ ಗಂಡಸೆಂಬುದು ವಿಚಿತ್ರ. ಆದರೆ ಪದಗಳು ನಿಜವಾದವು. ಸೋಮವಾರ ಕೆಲಸಕ್ಕೆ ಬರತಕ್ಕದ್ದು' ಎಂದಷ್ಟೇ ಇತ್ತು. ಸಾಕಿತ್ತು.

ಭಾನುವಾರ ಮೈಸೂರಿನ ಬಸ್ಸು ಹೊರಡುವ ಹೊತ್ತು. ಅಪ್ಪ ಟ್ರಂಕು ಮೇಲೆ ಹಾಕಿಸುತ್ತಿದ್ದರು. ವೀರಭದ್ರ ದೂರದಲ್ಲೇ ನಿಂತಿದ್ದ. ಅವಳೇ ಹತ್ತಿರ ಹೋದಳು.

"ಊರಲ್ಲಿ ಜನ ಆಡ್ಕೊತಿದಾರಾ?"

"ಹೂಂ. ಮೂರು ಹೊತ್ತೂ."

"ಬೇಜಾರಾ?"

"ಪುಸ್ತಕದಲ್ಲಿ ನನ್ನ ಹೆಸರಿನ ಹಿಂದೆ ನಿಮ್ಮ ಹೆಸರೂ ಇರುತ್ತಂತಲ್ಲ, ಬರ್ಕೊಂಡೋರು ಅಂತ. ಆಡ್ಕೊಳ್ಲಿ ಬುಡಿ."

ಅವಳು ನೆಲ ನೋಡಿದಳು. "ಪಿರಿಯಾಪಟ್ಟಣದೋರಿಗೆ ಅಪ್ಪಾಜಿ ಬೇಡ ಅಂತ ಹೇಳಿಕಳಿಸಿದ್ರು. ಯಾಕೆ ಅಂತ ನನಗೆ ಹೇಳಲಿಲ್ಲ."

"ನಾನು ಹೋಗಿ ಮಾತಾಡಿದ್ದೆ."

"ಏನಂತ?" ಅವಳು ತಟ್ಟನೆ ತಲೆ ಎತ್ತಿದಳು.

"ನಿಮ್ಮ ಮಗಳನ್ನ ಕೊಡ್ತೀರಾ ಅಂತ. ಓದು ಮುಗಿಯೋಗಂಟ ಕಾಯ್ತೀಯೇನಯ್ಯಾ ಅಂದ್ರು. ಕಾಯ್ತೀನಿ ಬುದ್ಧಿ, ಆದ್ರೆ ಮೊದಲು ಅವರನ್ನ ಕೇಳಿ ಅಂದೆ."

"ಅಪ್ಪಾಜಿ ನನ್ನ ಕೇಳಲೇ ಇಲ್ಲವಲ್ಲ!"

"'ಅದನ್ನ ನೀನೇ ಕೇಳಬೇಕಪ್ಪ' ಅಂದ್ರು." ಅವನು ಗಂಟಲು ಸರಿಮಾಡಿಕೊಂಡ. "ನಾಲ್ಕು ದಿನದಿಂದ ಕೇಳೋಣ ಅಂತ ಬರ್ತೀನಿ, ವಾಪಸ್ ಹೋಗ್ತೀನಿ."

"ಊರೆಲ್ಲಾ ನಿಂತಿರುವಾಗ ಹಾಡೋಕೆ ಧೈರ್ಯ ಇತ್ತು. ಇದಕ್ಕಿಲ್ವಾ?"

"ಇದು ಅಜ್ಜಿ ಹೇಳಿಕೊಟ್ಟದ್ದಲ್ಲ ಕಣ್ರೀ..."

ಬಸ್ಸಿನವನು ಹಾರನ್ ಒತ್ತಿದ. ಮಲ್ಲಾಜಮ್ಮ ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ಅವನ ಕಣ್ಣನ್ನೇ ನೋಡಿದಳು. ಅಳುವೂ ನಗುವೂ ಒಟ್ಟಿಗೆ ಬಂದಿದ್ದವು.

"ಎರಡು ವರ್ಷ ಕಣ್ರೀ. ಸುಮ್ಮನೆ ಅಲ್ಲ."

"ಇರ್ಲಿ."

"ಹಾಗಾದ್ರೆ ನನ್ನದೂ ಹೂಂ ಅಂತ ಅಪ್ಪಾಜಿಗೆ ಹೇಳಿ."

"ನೀವೇ ಒಂದು ಮಾತು ಹೇಳಬಾರದಾ?"

"ಅಯ್ಯೋ, ನನಗೆ ನಾಚಿಕೆ!" ಎಂದಳು ಮಲ್ಲಾಜಮ್ಮ.