ಒಂದೂ ಬಿಡದ ಪಟ್ಟಿ

ಧಡ್! ಧಡ್!

ಗಾರ್ಡ್ ಬಾಗಿಲಿಗೆ ಭುಜ ಕೊಟ್ಟು ಗುದ್ದುತ್ತಿದ್ದ. ಚಿಲಕದ ಒಂದು ಸ್ಕ್ರೂ ಆಗಲೇ ನೆಲಕ್ಕೆ ಬಿದ್ದಿತ್ತು. ಹೆಚ್ಚೆಂದರೆ ಇನ್ನೆರಡು ನಿಮಿಷ...

"ಬೇಗ ಅಮ್ಮಾ!" ಎಂದೆ.

ಟೈಪಿಸ್ಟಮ್ಮ ಕನ್ನಡಕ ಸರಿಮಾಡಿಕೊಂಡರು. ನಾವಿದ್ದದ್ದು ಲಿಫ್ಟ್ ಕಂಪನಿಯ ಆಫೀಸಿನೊಳಗೆ. ಅಲ್ಲಿ ಅವರದು ಇಪ್ಪತ್ತು ವರ್ಷದ ಸರ್ವಿಸ್. ಅದನ್ನು ನನಗಾಗಿ ಪಣಕ್ಕಿಟ್ಟು ಕೂತಿದ್ದರು.

ನಾನು ಯಾರು ಅಂತೀರಾ? ಕಳೆದುಹೋದ ಕಾಗದ, ಓಡಿಹೋದ ಗಂಡ... ಏನು ಬೇಕಾದರೂ ಹುಡುಕಿಕೊಡುವವನು. ಈ ಕೇಸಿಗೆ ಫೀಸಿಲ್ಲ. ಜೈಲಿನಲ್ಲಿದ್ದವರು ನನ್ನ ಅಕ್ಕನ ಗಂಡ.

ಭಾವ ಲಿಫ್ಟ್ ಮೆಕ್ಯಾನಿಕ್. ಲಿಫ್ಟ್ ಕಳಚಿ ಬಿದ್ದು ಇಬ್ಬರು ಸತ್ತಿದ್ದರು. ತಪ್ಪು ಭಾವನದೇ ಎಂದು ಕೇಸು. "ರೋಪ್ ಸವೆದಿದೆ, ಬದಲಿಸಿ" ಎಂದು ಮೂರು ವಾರ ಮೊದಲೇ ವರದಿ ಬರೆದು ಆಫೀಸಿನ ಕಂಪ್ಯೂಟರಿಗೆ ಹಾಕಿದ್ದೆ ಎಂದರು ಭಾವ. ಅಂಥ ವರದಿಯೇ ಬಂದಿಲ್ಲ ಎಂದ ಮ್ಯಾನೇಜರ್. ಫೈಲಿನ ಹೆಸರು ಭಾವನಿಗೆ ನೆನಪಿಲ್ಲ.

"ಹೆಸರು, ತಾರೀಖು ಇರೋ ಪಟ್ಟಿ ತನ್ನಿ ಸಾಕು. ಫೈಲನ್ನ ಕೋರ್ಟೇ ಹೊರಗೆ ತೆಗೆಸತ್ತೆ" ಎಂದಿದ್ದರು ನಮ್ಮ ವಕೀಲರು.

"ಸಾವಿರಾರು ಫೈಲ್ ಇವೆ! ಹೇಗಮ್ಮಾ?" ಎಂದು ಟೈಪಿಸ್ಟಮ್ಮನನ್ನು ಕೇಳಿದೆ.

"ವರ್ಡ್‌ನಲ್ಲಿ ನಾನೇ ಮಾಡ್ಕೊಂಡಿರೋ ಮ್ಯಾಕ್ರೋ ಇದೆಯಪ್ಪಾ. ಫೋಲ್ಡರ್ ತೋರಿಸಿ ಬಟನ್ ಒತ್ತಿದ್ರೆ ಫೈಲ್‌ಗಳ ಹೆಸರು, ತಾರೀಖು ಸಾಲಾಗಿ ಬಂದು ಕೂರತ್ತೆ. ಆದ್ರೆ ಅದು..."

"ಆದ್ರೆ ಗೀದ್ರೆ ಆಮೇಲೆ! ಒತ್ತಿ!"

ಒತ್ತಿದರು. ಪರದೆಯ ಮೇಲೆ ಹೆಸರುಗಳು ದಡದಡ ಇಳಿದವು. ಪ್ರಿಂಟರ್ ನರಳಿತು. ಹದಿನಾಲ್ಕು ಹಾಳೆ! ಬಿಸಿಬಿಸಿಯಾಗಿಯೇ ಅಂಗಿಯೊಳಗೆ ತುರುಕಿದೆ.

ಬಾಗಿಲು ಮುರಿಯಿತು!

ಕುರ್ಚಿಯನ್ನು ಗಾರ್ಡಿನ ಮೊಣಕಾಲಿಗೆ ಒದ್ದು ಹೊರಗೆ ಹಾರಿದೆ. ನಾಲ್ಕು ಮಹಡಿ ಮೆಟ್ಟಿಲಲ್ಲೇ ಇಳಿದೆ. ಆ ಕಂಪನಿಯ ಲಿಫ್ಟ್ ಹತ್ತಲು ನನಗೇನು ಹುಚ್ಚೇ?

ಗೇಟಿನಲ್ಲಿ ಮ್ಯಾನೇಜರ್. ಅಕ್ಕಪಕ್ಕ ಇಬ್ಬರು ದಾಂಡಿಗರು. ಒಬ್ಬ ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿದ.

"ಕಳ್ಳ!" ಎಂದ ಮ್ಯಾನೇಜರ್.

"ಕಳ್ಳ ನೀನು! ಫೋಲ್ಡರಿನ ಅಷ್ಟೂ ಫೈಲಿನ ಪಟ್ಟಿ ಇದು. ಒಂದೂ ಬಿಟ್ಟಿಲ್ಲ!"

ಅವನು ಹಾಳೆ ಕಿತ್ತುಕೊಂಡ. ಬೆರಳಿಟ್ಟು ಓದಿದ. ಹದಿನಾಲ್ಕೂ ಮುಗಿಸಿದ. ಹಣೆಯ ಬೆವರು ಒರೆಸಿಕೊಂಡ. ಆಮೇಲೆ... ನಕ್ಕ.

"ಒಂದೂ ಬಿಟ್ಟಿಲ್ವಾ?"

"ಇಲ್ಲ!"

"ಹಾಗಂತ ಕೆಳಗೆ ಬರೆದು ಸೈನ್ ಹಾಕಿ. ನನಗೊಂದು ಕಾಪಿ ಕೊಟ್ಟು ಹೋಗಿ. ಪೊಲೀಸ್ ಗಿಲೀಸ್ ಬೇಡ."

ಹೆದರಿದ್ದಾನೆ ಎಂದುಕೊಂಡೆ. ಜಂಬದಿಂದ ಹಾಕಿಕೊಟ್ಟೆ!

ಬಸ್ ಸ್ಟಾಪಿನಲ್ಲಿ ಕೂತು ಓದಿದೆ. ಲಿಫ್ಟ್ ಬೀಳುವ ಮೂರು ವಾರ ಮೊದಲಿನ ತಾರೀಖಿನಲ್ಲಿ ಒಂದೇ ಒಂದು ಸಾಲಿಲ್ಲ. ಟೈಪಿಸ್ಟಮ್ಮನಿಗೆ ಫೋನ್ ಮಾಡಿದೆ.

"ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ" ಎಂದರು. ಅಳುತ್ತಿದ್ದರು. "ನಾನು ಟೈಪ್ ಮಾಡಿದ ಕಾಗದಗಳನ್ನ ಮಾತ್ರ ಹಿಡಿಯೋ ಮ್ಯಾಕ್ರೋ ಅದು. ಮೆಕ್ಯಾನಿಕ್‌ಗಳು ಕೈಯಲ್ಲಿ ಬರೆದು ಸ್ಕ್ಯಾನ್ ಮಾಡ್ತಾರೆ. ಅದು ಫೋಟೋ. ಪಟ್ಟಿಗೆ ಬರಲ್ಲ."

"ಹಾಗಾದ್ರೆ ಆ ಫೋಟೋನೇ ತೆಗೀರಿ!"

"ಕೋರ್ಟ್ ಕೇಳಿದ್ರೆ ಅಂತ ಮ್ಯಾನೇಜರ್ ಇಲ್ಲೀವರೆಗೂ ಅಳಿಸೋಕೆ ಹೆದರ್ತಿದ್ರು. ನೀವು ಸೈನ್ ಹಾಕಿದ್ದೇ ತಡ, ಫೋಟೋನೆಲ್ಲ ಅಳಿಸಿದ್ರು ಕಣಪ್ಪಾ. ಈಗ ಫೋಲ್ಡರಿನಲ್ಲಿರೋದು ನಿಮ್ಮ ಪಟ್ಟಿಯಲ್ಲಿರೋದಷ್ಟೇ. ನನ್ನನ್ನೂ ಮನೆಗೆ ಕಳಿಸಿದ್ರು..."

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವ್ವ ಬೈಯುತ್ತಿದ್ದಳು. ನನ್ನಂಥ ಮಗ ಹುಟ್ಟಿದ್ದಕ್ಕೇ ಆ ಗಾದೆ ಕಲಿತಳೋ ಏನೋ!

ಫೋನ್ ಇಡುವಷ್ಟರಲ್ಲಿ ಅಕ್ಕನ ಕಾಲ್ ಬಂತು.

"ಸಿಕ್ತೇನೋ?"

ಫೋನ್ ಕಟ್ ಮಾಡಿ, ಎದುರಿಗೆ ಬಂದ ಬಸ್ ಹತ್ತಿದೆ.

ಭಾವನಿಗೆ ಏಳು ವರ್ಷ ಜೈಲು ಶಿಕ್ಷೆ ಆಯಿತು. ವರದಿ ಇರಲೇ ಇಲ್ಲ ಎನ್ನಲು ಕಂಪನಿ ಕೊಟ್ಟದ್ದು ಒಂದೇ ಸಾಕ್ಷಿ... ಹದಿನಾಲ್ಕು ಹಾಳೆ, ಕೆಳಗೆ ನನ್ನ ಸಹಿ.

ಪಟ್ಟಿ ತುಂಬ ಅಚ್ಚುಕಟ್ಟಾಗಿದೆ ಎಂದು ಜಡ್ಜ್ ನನ್ನನ್ನು ಹೊಗಳಿದರು!