ಬೆಳ್ಳಿ ಕಾಡುಮೇಕೆಯ ಪೆಟ್ಟಿಗೆ

ವರ್ಷದ ಕೊನೆಯ ತಿಂಗಳಾದ ಇಸ್ಫಂದಿನ ಹತ್ತೊಂಬತ್ತು, ಶನಿವಾರ, ಬೆಳಿಗ್ಗೆ ಎಂಟು ಹತ್ತು. ಇರಾನಿನ ಹಮದಾನ್ ಊರಿನ ಪೇಟೆ ಠಾಣೆಗೆ ಮಹ್‌ಲಕಾ ಜರ್ರಾಬಿ ಎಂಬ ಮೂವತ್ತೊಂದು ವರ್ಷದ ಹೆಂಗಸು ದೂರು ಹೊತ್ತು ಬಂದಳು. ಊರಿನ ವಸ್ತುಸಂಗ್ರಹಾಲಯದ ಉಗ್ರಾಣ ಅವಳ ವಶದಲ್ಲಿತ್ತು. ಬರೆಯಲೆಂದು ಕೊಟ್ಟ ಪೆನ್ನು ಎರಡು ಸಲ ಅವಳ ಕೈಜಾರಿ ಬಿತ್ತು. ಕೊನೆಗೆ ಹೆಡ್ ಕಾನ್‌ಸ್ಟೇಬಲ್ ಶೀರ್‌ಜಾದನೇ ಬರೆದುಕೊಂಡ.

ಹೊಸ ವರ್ಷದ ಹಬ್ಬಕ್ಕೆ ಮನೆಮನೆಯಲ್ಲೂ ಧೂಳು ಹೊಡೆಯುವ ದಿನಗಳು. ಉಗ್ರಾಣವನ್ನೂ ಗುಡಿಸಿ ಒರೆಸುವಾಗ ಅವಳು ಏಳನೇ ಪೆಟ್ಟಿಗೆಯನ್ನು ತೆರೆದಿದ್ದಳು. ಒಳಗೆ ಎರಡೂವರೆ ಸಾವಿರ ವರ್ಷದ ಬೆಳ್ಳಿಯ ಪಾನಪಾತ್ರೆ ಇರಬೇಕಿತ್ತು. ಮುಂದೆ ಮಂಡಿಯೂರಿದ ಕಾಡುಮೇಕೆ, ಹಿಂದೆ ಕೊಂಬಿನಂತೆ ಬಾಗಿದ ಬಟ್ಟಲು. ಸಿಕ್ಕಿದ್ದು ಹತ್ತಿಯಲ್ಲಿ ಸುತ್ತಿದ ಹೊಳೆಗಲ್ಲು.

"ಬೀಗದ ಕೈ ಯಾರ ಹತ್ರ?" ಇನ್ಸ್‌ಪೆಕ್ಟರ್ ಗೂದರ್ಜ್ ಮಲಾಯೇರಿ ಕೇಳಿದ.

"ನನ್ನ ಹತ್ರ."

"ಅರಗಿನ ಮುದ್ರೆ?"

"ನಂದೇ."

"ಮುದ್ರೆ ಒಡೆದಿತ್ತಾ?"

"ಇಲ್ಲ ಸಾಹೇಬ್ರೇ." ಅಷ್ಟು ಹೇಳುವಷ್ಟರಲ್ಲಿ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ದೂರು ಕೊಡಲು ಬಂದವಳಿಗೆ ತಾನೇ ಆರೋಪಿ ಎಂಬುದು ಆಗ ಹೊಳೆದಿರಬೇಕು.

ಎಂಟು ಐವತ್ತಕ್ಕೆ ಎಫ್‌ಐಆರ್ ಆಯಿತು. ಒಂಬತ್ತೂವರೆಗೆ ಉಗ್ರಾಣದಲ್ಲಿ ಪಂಚನಾಮೆ. ಕಿಟಕಿಯ ಸರಳು ಗಟ್ಟಿಯಾಗಿದ್ದವು, ಬಾಗಿಲಿಗೆ ಗೀರೂ ಬಿದ್ದಿರಲಿಲ್ಲ. ಪೆಟ್ಟಿಗೆ ಒಂದೇ ಒಂದು ಸಲ ಹೊರಗೆ ಹೋಗಿದ್ದು ಚಳಿಗಾಲದಲ್ಲಿ, ಉಸ್ತಾದ್ ಜಹಾಂದಾರರ ಮನೆಗೆ. ಹಳೆಯ ಲೋಹದ ವಸ್ತುಗಳನ್ನು ಶುಚಿ ಮಾಡಿ ಕೊಡುವುದರಲ್ಲಿ ಆ ಊರಿಗೇ ಅವರು ದೊಡ್ಡವರು. ಹನ್ನೆರಡು ದಿನಕ್ಕೆ ಪೆಟ್ಟಿಗೆ ವಾಪಸು ಬಂದಿತ್ತು. ದಾಖಲೆಯಲ್ಲಿ ಮಹ್‌ಲಕಾಳ ಅಕ್ಷರ: 'ತೆರೆದು ನೋಡಿದೆ, ಸರಿಯಾಗಿದೆ.' ಕೆಳಗೆ ಸಹಿ. ಕೈಗೆ ಕೋಳ ಹಾಕಲು ಇಷ್ಟು ಧಾರಾಳವಾಗಿ ಸಾಕಿತ್ತು.

ಶೀರ್‌ಜಾದ್ ಮಾತ್ರ ಹತ್ತಿಯನ್ನು ಮೂಗಿಗೆ ಹಿಡಿದು ನಿಂತಿದ್ದ. ಅದಕ್ಕೆ ಸಾಸಿವೆಯಷ್ಟು ಸಣ್ಣ ಕರಿ ಚೂರುಗಳು ಅಂಟಿದ್ದವು.

"ಮುದ್ರೆಯ ಅರಗು ಅಲ್ಲ ಸಾರ್ ಇದು. ನಮ್ಮ ಸೋದರಮಾವನ ಅಂಗಡಿ ವಾಸನೆ. ಬೆಳ್ಳಿ ಕೆತ್ತೋರು ಪಾತ್ರೆಯ ಹೊಟ್ಟೆಗೆ ಡಾಂಬರು ಕಾಯಿಸಿ ತುಂಬ್ತಾರೆ. ಆಮೇಲೆ ಹೊರಗಿಂದ ಸುತ್ತಿಗೆ ಹೊಡೀತಾರೆ."

ಇನ್ಸ್‌ಪೆಕ್ಟರ್ ಮಹ್‌ಲಕಾಳನ್ನು ಕೂರಿಸಿಕೊಂಡ. "ಮಹ್‌ಲಕಾ ಖಾನಂ, ಉಸ್ತಾದರು ಪೆಟ್ಟಿಗೆ ತಂದಾಗ ತೆರೆದು ನೋಡಿದ್ರಾ?"

"ನೋಡಿದೆ."

"ಮೇಕೆ ಹೇಗಿತ್ತು?"

ಅವಳು ದಾಖಲೆಯಲ್ಲಿದ್ದ ತನ್ನ ಸಹಿಯ ಮೇಲೆ ಬೆರಳಿಟ್ಟಳು.

"ಸುಳ್ಳು ಹೇಳಿದ್ರೆ ಒಳಗೆ ಹೋಗೋದು ನೀವೇ."

"ನೋಡ್ಲಿಲ್ಲ!" ಅವಳು ಅತ್ತುಬಿಟ್ಟಳು. "ಹೇಗೆ ನೋಡ್ಲಿ? ನನಗೆ ಕೆಲಸ ಕಲಿಸಿದೋರು. ಹಿಮದಲ್ಲಿ ತಾವೇ ಹೊತ್ಕೊಂಡು ಬಂದಿದ್ರು. 'ಬೇಕಾದ್ರೆ ತೆರೆದು ನೋಡಮ್ಮ' ಅಂದ್ರು. ಅವರೆದುರೇ ಬಿಚ್ಚೋದಂದ್ರೆ ಕಳ್ಳ ಅಂದ ಹಾಗಲ್ವಾ? 'ಛೆ ಛೆ, ನಿಮ್ಮ ಮೇಲೆ ಅನುಮಾನವಾ' ಅಂದೆ, ಮುದ್ರೆ ಒತ್ತಿದೆ, ಸಹಿ ಹಾಕಿದೆ. ನಂಗೆ ಐದು ವರ್ಷದ ಮಗಳಿದ್ದಾಳೆ ಸಾಹೇಬ್ರೇ."

ಇಂಥ ಮರ್ಯಾದೆಯಿಂದ ಮನೆ ಹಾಳಾದದ್ದನ್ನು ಮಲಾಯೇರಿ ಮೊದಲೂ ಕಂಡಿದ್ದ. ಆದರೂ ಅವಳ ಮಾತಿಗೆ ಸಾಕ್ಷಿ ಇರಲಿಲ್ಲ. ಸಂಜೆಯೊಳಗೆ ಬೇರೇನೂ ಸಿಗದಿದ್ದರೆ ಅವಳನ್ನೇ ಹಿಡಿಯಬೇಕಿತ್ತು.

ನ್ಯಾಯಾಲಯದಿಂದ ಶೋಧನಾ ಪತ್ರ ತಂದು ಉಸ್ತಾದರ ಬಾಗಿಲು ತಟ್ಟಿದಾಗ ಎರಡು ನಲವತ್ತು.

"ಬನ್ನಿ, ಬನ್ನಿ, ನನ್ನ ಕಣ್ಣ ಮೇಲೆ ಕಾಲಿಟ್ಟು ಬನ್ನಿ!" ಎಂದು ಮುದುಕರು ಎದೆಯ ಮೇಲೆ ಕೈಯಿಟ್ಟರು. ಚಹಾ ಬಂತು. ಒಣದ್ರಾಕ್ಷಿ, ಬಾದಾಮಿ ಬಂದವು. "ಪತ್ರ ಯಾಕೆ ಸ್ವಾಮಿ, ಮನೆ ನಿಮ್ಮದೇ, ಎಲ್ಲಿ ಬೇಕಾದ್ರೂ ನೋಡಿ." ಅಷ್ಟು ಹೇಳಿಸಿಕೊಂಡ ಮೇಲೆ ಎದ್ದು ಹುಡುಕುವುದು ಹೇಗೆ? ಶೀರ್‌ಜಾದ್ ಎರಡನೇ ಲೋಟಕ್ಕೆ ಕೈಹಾಕಿದ. ಮಲಾಯೇರಿಗೂ 'ಛೆ ಛೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಅವನಿಗೆ ನಿಜಕ್ಕೂ ಭಯವಾಯಿತು. ಇನ್ನೊಂದು ಲೋಟ ಕುಡಿದರೆ ತಾನು ಕೈಮುಗಿದು ಹೊರಟುಹೋಗುತ್ತೇನೆ, ಆ ಹೆಂಗಸು ಜೈಲಿಗೆ ಹೋಗುತ್ತಾಳೆ.

"ಕ್ಷಮಿಸಿ ಉಸ್ತಾದ್. ಕೆಲಸದ ಕೋಣೆ ತೆರೀರಿ."

ಮುದುಕರ ನಗು ಹಾಗೇ ಉಳಿಯಿತು, ಆದರೆ ಬೀಗದ ಕೈ ತೂತಿಗೆ ಹೋಗಲೇ ಇಲ್ಲ. ಶೀರ್‌ಜಾದ್ ಅದನ್ನು ತೆಗೆದುಕೊಂಡು ತಿರುಗಿಸಿದ.

ಬೆಂಚಿನ ಕೆಳಗಿನ ಬ್ರೆಡ್ಡಿನ ಡಬ್ಬಿಯಲ್ಲಿ ಕಾಡುಮೇಕೆ ಇತ್ತು, ಒಂಬತ್ತು ಚೂರಾಗಿ. ಒಂದೊಂದರ ಒಳಮೈಗೂ ಡಾಂಬರು ಮೆತ್ತಿಕೊಂಡಿತ್ತು. ಇಬ್ಬರು ನೆರೆಯವರ ಎದುರು ಪಂಚನಾಮೆ ಬರೆದು ಮುಗಿಸಿದಾಗ ಮೂರು ಇಪ್ಪತ್ತು.

"ಮಾರೋಕೆ ಒಡೆದ್ರಾ?"

"ಮಾರೋದಾ!" ಮುದುಕರು ಮೊದಲ ಸಲ ಸಿಟ್ಟಾದರು. "ಬಟ್ಟಲು ಒಂದು ಕಡೆ ನೆಗ್ಗಿತ್ತು. ಬರೀ ಶುಚಿ ಮಾಡು ಅಂದಿದ್ರು. ನೆಗ್ಗು ಎತ್ತೋಣ, ನಂದೇ ಕೈ ಅಲ್ವಾ ಅಂದ್ಕೊಂಡೆ. ಮೂರನೇ ಏಟಿಗೆ ರಸ್ಕಿನ ಹಾಗೆ ಚೂರಾಯ್ತು. ಮುದಿ ಬೆಳ್ಳಿಗೆ ಸುತ್ತಿಗೆ ತೋರಿಸಬೇಡಿ ಅಂತ ಮೂವತ್ತು ವರ್ಷ ಪಾಠ ಹೇಳಿದೋನು ನಾನು. ನನ್ನ ಶಿಷ್ಯರಿಗೆ ಹೇಗೆ ಮುಖ ತೋರಿಸ್ಲಿ?"

"ಆ ಹುಡುಗಿ ಜೈಲಿಗೆ ಹೋಗ್ತಾಳೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ?"

ಮುದುಕರು ನೆಲ ನೋಡುತ್ತಾ ಹೇಳಿದರು. "ಚಿಕ್ಕ ವಯಸ್ಸು. ತಡ್ಕೋತಾಳೆ ಅಂದ್ಕೊಂಡೆ."

ಆ ಮಾತನ್ನು ಹೇಳಿಕೆಯಲ್ಲಿ ಅಕ್ಷರ ಬಿಡದೆ ಬರೆಸಿಕೊಂಡು, ನಾಲ್ಕು ಐದಕ್ಕೆ ಬಂಧನ ದಾಖಲಿಸಿದರು. ದುಡ್ಡಿನ ಆಸೆಗೆ ಮಾಡಿದ್ದರೆ ಮಲಾಯೇರಿಗೆ ಅರ್ಥವಾಗುತ್ತಿತ್ತು. ಬರೀ ಅವಮಾನದ ಹೆದರಿಕೆ ಒಬ್ಬ ಒಳ್ಳೆಯ ಮನುಷ್ಯನಿಂದ ಇಷ್ಟು ಮಾಡಿಸಿತಲ್ಲ.

ಠಾಣೆಯ ಬೆಂಚಿನಲ್ಲಿ ಕೂತಿದ್ದ ಮಹ್‌ಲಕಾಳಿಗೆ ಮನೆಗೆ ಹೋಗಬಹುದು ಎಂದು ಹೇಳಿದರು. ಯಾರು ಮಾಡಿದ್ದು ಎಂದೂ ಹೇಳಿದರು. ಅವಳು ತಲೆಯಿಂದ ಹೊದ್ದಿದ್ದ ಚಾದರದ ಅಂಚಿನಿಂದ ಮುಖ ಒರೆಸಿಕೊಂಡು ಬಾಗಿಲ ತನಕ ಹೋದಳು. ಅಲ್ಲಿಂದ ತಿರುಗಿ ಬಂದಳು.

"ಸಾಹೇಬ್ರೇ, ಉಸ್ತಾದರಿಗೆ ಸಕ್ಕರೆ ಕಾಯಿಲೆ ಇದೆ. ಬೈಬೇಡಿ ಅವರಿಗೆ. ಹೊತ್ತಿಗೆ ಸರಿಯಾಗಿ ಊಟ ಕೊಡಿ, ಇಲ್ಲದಿದ್ರೆ ತಡ್ಕೊಳ್ಳಲ್ಲ ಅವರು."

ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಉಸ್ತಾದರ ಹೇಳಿಕೆಯ ಹಾಳೆಯನ್ನು ಮಗುಚಿಟ್ಟು, ಆಗಲಿ ಎಂದ.