ಶುಂಠಿ ವಾಸನೆಯ ಡಬ್ಬಿ

ನಜೀಬಾ ಕಫ ಪರೀಕ್ಷೆಯ ಗಾಜಿನ ಪಟ್ಟಿಗಳನ್ನು ತೊಳೆದು ಒಂದೊಂದಾಗಿ ಬಿಸಿಲಿಗೆ ಒರಗಿಸುತ್ತಿದ್ದಳು. ಚಿಕಿತ್ಸಾಲಯದ ಬಾಗಿಲು ಧಡಾರನೆ ತೆರೆಯಿತು. ಜೇನು ವ್ಯಾಪಾರಿ ಮುಕ್ಬಿಲ್ ಒಳನುಗ್ಗಿದ. ಅವನ ಹಿಂದೆ, ಮುಸುಕಿನೊಳಗೇ ಬಿಕ್ಕುತ್ತ, ಹಿರಿಯ ಹೆಂಡತಿ ತಕಿಯಾ.

"ಎಲ್ಲಿ ನಿಮ್ಮ ಹೂರಿಯಾ? ರಾತ್ರಿಯೆಲ್ಲಾ ಕೆಮ್ಮಿ ಕೆಮ್ಮಿ ಸಾಯ್ತಿರೋಳು ನನ್ನ ಕಿರಿಯವಳು ವರ್ದಾ. ಅವಳ ಕಫದಲ್ಲಿ ಕ್ಷಯ ಇಲ್ವಂತೆ! ಬೆಳಿಗ್ಗೆ ಎರಡು ಸಲ ಖೊಕ್ ಅನ್ನೋ ಇವಳದ್ರಲ್ಲಿ ಇದೆಯಂತೆ! ಆರೈಕೆ ಎಲ್ಲಾ ತನಗೇ ಆಗ್ಲಿ ಅಂತ ಕಫದ ಡಬ್ಬಿ ಬದಲಾಯಿಸಿದ್ದಾಳೆ. ಸಾಬೀತಾದ್ರೆ ಇವತ್ತೇ ತಲಾಖ್!"

"ದೇವರಾಣೆ, ಡಬ್ಬಿ ಬದಲಾಯಿಸಿಲ್ಲ" ಎಂದಳು ತಕಿಯಾ.

ಹಿರಿಯ ದಾದಿ ಹೂರಿಯಾ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಕಳೆದುಹೋದ ಆಡಿನಿಂದ ಹಿಡಿದು ಕದ್ದ ಉಂಗುರದವರೆಗೆ ಆ ಬೆಟ್ಟದೂರಿನ ಒಗಟುಗಳೆಲ್ಲ ಅವಳ ಬಳಿಗೇ ಬರುತ್ತಿದ್ದವು. ಸೂಕ್ಷ್ಮದರ್ಶಕಕ್ಕೆ ಕಣ್ಣು ಸವೆಸುವವಳು ತಾನು, ಹೆಸರು ಮಾತ್ರ ಅವಳಿಗೆ ಎಂದು ನಜೀಬಾಳ ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡುತ್ತಲೇ ಇತ್ತು.

"ಆ ಡಬ್ಬಿಗಳು ಹೇಗಿದ್ವು ನಜೀಬಾ?"

"ತಕಿಯಾ ಹೆಸರಿನದ್ರಲ್ಲಿ ಗೋಂದಿನ ಹಾಗೆ ಗಟ್ಟಿ, ಹಳದಿ. ವರ್ದಾ ಹೆಸರಿನದ್ರಲ್ಲಿ ಬರೀ ನೀರು, ನೊರೆ. ಶುಂಠಿ ವಾಸನೆ ಬೇರೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ" ಎಂದಳು ನಜೀಬಾ, ಹುಳಿ ಮುಖ ಮಾಡಿ.

ಮಧ್ಯಾಹ್ನ ಇಬ್ಬರೂ ಮುಕ್ಬಿಲ್‌ನ ಮನೆಗೆ ಹೋದರು. ಗಾಳಿ ಬೆಳಕಿನ ಮೇಲಂತಸ್ತಿನ ಕೋಣೆ ವರ್ದಾಳದು. ತಲೆಯ ಬಳಿ ಒಳ್ಳೆಯ ಜೇನಿನ ಜಾಡಿ. ಪಕ್ಕದ ಕೋಣೆಯಲ್ಲಿ ಗಂಡಸರು ಅಮಲಿನ ಖಾತ್ ಸೊಪ್ಪು ಜಗಿಯುತ್ತ ಹರಟುತ್ತಿದ್ದರು. ವರ್ದಾ ಎದ್ದು, ಕಾಫಿ ಸಿಪ್ಪೆ ಮತ್ತು ಶುಂಠಿ ಕುದಿಸಿದ ಕಿಶರ್ ಬಗ್ಗಿಸಿದಳು. ತಕಿಯಾ ಲೋಟ ಸರಿಸಿದಳು.

"ನನಗೆ ಬೇಡ. ರಂಜಾನಿನಲ್ಲಿ ತಪ್ಪಿದ ಉಪವಾಸಗಳನ್ನ ತೀರಿಸ್ತಿದ್ದೀನಿ. ಹಬ್ಬ ಕಳೆದಾಗಿನಿಂದ ಒಂದು ದಿನಾನೂ ಬಿಟ್ಟಿಲ್ಲ."

"ಹೊರಗೆ ಭಕ್ತಿ, ಒಳಗೆ ವಿಷ" ಎಂದ ಮುಕ್ಬಿಲ್.

ವರ್ದಾಳಿಗೆ ಕೆಮ್ಮು ಬಂತು. ದಿಂಬಿಗೆ ಮುಖ ಒತ್ತಿ, ಬಂದದ್ದನ್ನು ನುಂಗಿಬಿಟ್ಟಳು.

"ಯಾಕಮ್ಮಾ ನುಂಗ್ತೀಯಾ?" ಎಂದು ಕೇಳಿದಳು ಹೂರಿಯಾ.

"ಪಕ್ಕದಲ್ಲೇ ಗಂಡಸರು ಕೂತಿದ್ದಾರಲ್ಲಕ್ಕಾ. ಹೊಸ ಹೆಂಡ್ತಿ ಕ್ಯಾಕರಿಸೋದು ಕೇಳಿದ್ರೆ ನಗ್ತಾರೆ."

ಮರುದಿನ ಬೆಳಿಗ್ಗೆ ಹೂರಿಯಾ ವರ್ದಾಳನ್ನು ಮನೆಯ ಮಾಳಿಗೆಗೆ ಕರೆದೊಯ್ದಳು. ಅಲ್ಲಿ ಪಾರಿವಾಳಗಳ ಹೊರತು ಯಾರೂ ಇರಲಿಲ್ಲ.

"ಏನೂ ತಿಂದಿಲ್ಲ, ಕುಡಿದಿಲ್ಲ ತಾನೇ? ಬರೀ ನೀರಲ್ಲಿ ಬಾಯಿ ಮುಕ್ಕಳಿಸು. ಈಗ ಉದ್ದಕ್ಕೆ ಉಸಿರೆಳಿ. ಹಿಡಿ. ಬಿಡು. ಇನ್ನೊಂದ್ಸಲ. ಈಗ ಎದೆ ತಳದಿಂದ ಕೆಮ್ಮು, ಬಾವಿ ತಳದ ಕೆಸರು ಎತ್ತೋ ಹಾಗೆ. ಇದು ಎಂಜಲು ತಾಯಿ, ನಮಗೆ ಬೇಡ. ಅವಸರ ಇಲ್ಲ, ಮತ್ತೆ."

ಬಹಳ ಹೊತ್ತಿನ ಮೇಲೆ ಡಬ್ಬಿಯ ತಳದಲ್ಲಿ ಹಳದಿ ಗಟ್ಟಿ ಕೂತಿತು. ನಜೀಬಾ ಅದನ್ನು ಪಟ್ಟಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ನೀಲಿಯ ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ಕ್ಷಯವೇ.

ಹೂರಿಯಾ ಎಲ್ಲರನ್ನೂ ಚಿಕಿತ್ಸಾಲಯದ ಅಂಗಳದಲ್ಲಿ ಕೂರಿಸಿದಳು.

"ಡಬ್ಬಿ ಬದಲಾಗಿಲ್ಲ. ಡಬ್ಬಿಗಳು ಬಂದಿದ್ದು ಬಿಸಿಲೇರಿದ ಮೇಲೆ, ನೊರೆ ಇನ್ನೂ ಆರಿರ್ಲಿಲ್ಲ, ಅಂದ್ರೆ ಆಗಷ್ಟೇ ಉಗುಳಿದ್ದು. ಒಂದರಲ್ಲಿ ಶುಂಠಿ ವಾಸನೆ. ಉಪವಾಸದಲ್ಲಿರೋ ತಕಿಯಾ ಆ ಹೊತ್ತಲ್ಲಿ ಕಿಶರ್ ಕುಡಿಯೋದುಂಟಾ? ಹಾಗಾಗಿ ಅದು ವರ್ದಾಳದ್ದೇ. ಹಳದಿಯದು ತಕಿಯಾಳದ್ದೇ. ಇಬ್ಬರಿಗೂ ಕಾಯಿಲೆ ಇದೆ."

ತಕಿಯಾ ನಿಟ್ಟುಸಿರಿಟ್ಟಳು. ಹೂರಿಯಾ ಅವಳತ್ತ ತಿರುಗಿದಳು.

"ಆದ್ರೆ ಒಂದೇ ಮನೆ, ಒಂದೇ ದಿನ. ನಿನ್ನ ಡಬ್ಬೀಲಿ ಹೇಳಿಕೊಟ್ಟಿದ್ದೆಲ್ಲಾ ಪಾಲನೆಯಾಗಿದೆ, ಅವಳದ್ರಲ್ಲಿ ಒಂದೂ ಇಲ್ಲ. ಇಬ್ಬರಿಗೂ ಸೇರಿಸಿ ಹೇಳಿಸಿಕೊಂಡು ಹೋದೋಳು ನೀನು. ನನ್ನ ಮಾತು ನಿಮ್ಮ ಮನೆ ಮೆಟ್ಟಿಲಲ್ಲಿ ಎಲ್ಲಿ ಕಳೆದುಹೋಯ್ತು ತಕಿಯಾ?"



"ಉಗುಳಿ ಕೊಡು ಸಾಕು ಅಂತ ಅವಳಿಗೆ ಅಂದೆ" ಎಂದಳು ತಕಿಯಾ. "ಕಾಯಿಲೆ ಅಂತ ಗೊತ್ತಾದ್ರೆ ಚಿಕಿತ್ಸೆಗೆ ಅಂತ ಇವನು ಅವಳನ್ನ ತಾಯಿಜ್ ನಗರಕ್ಕೆ ಕರ್ಕೊಂಡು ಹೋಗಿ ತಿಂಗಳುಗಟ್ಟಲೆ ಜೊತೆಗಿರ್ತಾನೆ. ಈಗಾಗ್ಲೇ ಜೇನು ಅವಳಿಗೆ, ಕಿಟಕಿ ಅವಳಿಗೆ. ನಾನೂ ಕೆಮ್ತಿದ್ದೆ. ಒಬ್ಬರಾದ್ರೂ ಏನು ಅಂತ ಕೇಳಿದ್ರಾ?"

ಮುಕ್ಬಿಲ್ ಎದ್ದು ನಿಂತ. "ನಿನಗೆ ತಲಾ..."

"ಕೂತ್ಕೊಳ್ಳಿ!" ಎಂದಳು ಹೂರಿಯಾ. "ಈ ಹೊಟ್ಟೆಕಿಚ್ಚಿಗೆ ಸೌದೆ ಒಟ್ಟಿದ್ದು ಯಾರು? ತಪ್ಪು ನನ್ನದೂ ಇದೆ. ಪ್ರತಿ ರೋಗಿಗೂ ಎದುರು ನಿಂತು ಹೇಳಿಕೊಡ್ಬೇಕಿತ್ತು, ಇನ್ನೊಬ್ಬರ ಬಾಯಲ್ಲಿ ಕಳಿಸಿದೆ."

ವರ್ದಾ ಗಂಡನ ತೋಳು ಹಿಡಿದು ಕೂರಿಸಿದಳು. "ಅವಳನ್ನ ಕಳಿಸಿದ್ರೆ ನಾನೂ ಹೋಗ್ತೀನಿ. ಒಂದೇ ಔಷಧಿ, ಒಂದೇ ಮನೇಲಿ ನುಂಗ್ತೀವಿ."

ತಕಿಯಾ ಅವಳನ್ನೇ ನೋಡಿದಳು. ಆಮೇಲೆ ಎದೆಯ ಉಡುಪಿನೊಳಗೆ ಕೈ ಹಾಕಿ, ಬೆವರಿಗೆ ಮೆತ್ತಗಾದ ಲಕೋಟೆಯೊಂದನ್ನು ತೆಗೆದಳು. ಚಳಿಗಾಲದಲ್ಲಿ ವರ್ದಾ ಅಂಚೆಗೆ ಹಾಕಲು ಕೊಟ್ಟಿದ್ದು. ಅಮ್ಮಾ, ಎದೆ ಉರಿಯುತ್ತೆ, ಬಾ ಎಂದು ತವರಿಗೆ ಬರೆದದ್ದು.

"ನಿನಗೆ ಕರೆದ್ರೆ ಬರೋ ತಾಯಿ ಇದ್ದಾಳೆ. ಅದನ್ನೂ ತಡೀಲಾರದೆ ಇಟ್ಕೊಂಡೆ."

"ಅಮ್ಮ ಉತ್ತರಾನೇ ಬರೀಲಿಲ್ಲ ಅಂತ ಅತ್ತಿದ್ದೆ" ಎಂದಳು ವರ್ದಾ. ಲಕೋಟೆ ತಿರುವಿ, ನಜೀಬಾಳ ಪೆನ್ನು ಕೇಳಿ, ಹಿಂಬದಿಯಲ್ಲಿ ಒಂದು ಸಾಲು ಸೇರಿಸಿದಳು: ಇಲ್ಲಿ ಕೆಮ್ಮುವವರು ಇಬ್ಬರಿದ್ದೇವೆ, ಇಬ್ಬರಿಗಾಗುವಷ್ಟು ತುಪ್ಪ ತಾ.

ಊರಿನ ಅಂಚೆ ಒಯ್ಯುವ ಲಾರಿ ಹೊರಡುವ ಸದ್ದಾಯಿತು. ನಜೀಬಾ ಓಡಿಹೋಗಿ ಲಕೋಟೆಯನ್ನು ಚಾಲಕನ ಕೈಗಿಟ್ಟಳು.